ಗುದ್ದಲಿ ದಂಡಿನ ಹಾಜರಿ ಪಟ್ಟಿ

ಬೆಂಗಳೂರಿನ ಹಲಸೂರು ಕೆರೆಯ ಮಗ್ಗುಲಲ್ಲಿ ನೆಲೆಸಿರುವ, ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ಗೆ 2030ರ ಸೆಪ್ಟೆಂಬರ್ 30ಕ್ಕೆ 250 ವರ್ಷ ತುಂಬುತ್ತದೆ. ಹೈದರಾಲಿಯ ಭಯ ಹುಟ್ಟಿಸಿದ ದಂಡು ಇದು. ಆದರೆ ಕೋಟೆಗೆ ಕನ್ನ ಕೊರೆಯುವ, ಹೊಳೆ ದಾಟಿಸುವ ವಿದ್ಯೆ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಬಂದದ್ದೇ? ಹಂಪಿಯ ಬಂಡೆಗಳು ಬೇರೆಯದೇ ಸಾಕ್ಷಿ ಹೇಳುತ್ತವೆ.

1520ರ ಬೇಸಿಗೆ. ರಾಯಚೂರು ಕೋಟೆಯ ಬುಡ. ಮೇಲಿನಿಂದ ಕಲ್ಲು, ಬಾಣ, ಗುಂಡು ಸುರಿಯುತ್ತಿದ್ದರೂ ಗೋಡೆಗೆ ಮೈಯಾನಿಸಿಕೊಂಡು ಒಂದಷ್ಟು ಮಂದಿ ಹಾರೆ, ಪಿಕಾಸಿ ಬೀಸುತ್ತಿದ್ದಾರೆ. ಒಂದು ಕಲ್ಲು ಸಡಿಲವಾಯಿತೋ, ಅದು ನೇರ ಪಾಳೆಯಕ್ಕೆ. ಅಲ್ಲಿ ವಿಜಯನಗರದ ದಂಡನಾಯಕರು ಕಲ್ಲು ಕೊಳ್ಳಲು ಕಾದಿದ್ದಾರೆ. ಗಾತ್ರ ನೋಡಿ ಬೆಲೆ: ಒಂದಕ್ಕೆ ಹತ್ತು ಹಣ, ಇನ್ನೊಂದಕ್ಕೆ ಇಪ್ಪತ್ತು, ದೊಡ್ಡದಾದರೆ ನಲವತ್ತು, ಐವತ್ತು. ಶತ್ರುವಿನ ಕೋಟೆಯನ್ನು ಬಿಡಿಬಿಡಿಯಾಗಿ, ಚಿಲ್ಲರೆ ಲೆಕ್ಕದಲ್ಲಿ ಖರೀದಿಸುತ್ತಿದೆ ಕೃಷ್ಣದೇವರಾಯನ ಸೇನೆ.

ಈ ಕಲ್ಲಿನ ವ್ಯಾಪಾರದ ಸುದ್ದಿ ನಮಗೆ ತಿಳಿದದ್ದು ಮುಂದೆ ವಿಜಯನಗರದಲ್ಲಿ ಕೆಲಕಾಲ ಇದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್‌ನ ಬರಹದಿಂದ. ಅದನ್ನು ಇಂಗ್ಲಿಷಿಗೆ ತಂದು 1900ರಲ್ಲಿ ಅಚ್ಚು ಮಾಡಿಸಿದವರು ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸೂವೆಲ್. ಓದಿದವರೆಲ್ಲ ಇದನ್ನೊಂದು ತಮಾಷೆಯ ಪ್ರಸಂಗವೆಂದು ದಾಟಿಹೋಗುತ್ತಾರೆ. ನಿಂತು ನೋಡಿದರೆ ಇಲ್ಲಿರುವುದು ಸೈನ್ಯದ ಇಂಜಿನಿಯರಿಂಗ್‌ನ ಅಪ್ಪಟ ಚಿತ್ರ. ರಾಯಚೂರಿನ ಮೂರು ಸುತ್ತಿನ ಗೋಡೆಯನ್ನು ಗಾರೆಯಿಲ್ಲದೆ, ಭಾರಿ ಕಲ್ಲುಗಳನ್ನು ಒಂದಕ್ಕೊಂದು ಕೂರಿಸಿ, ಒಳಗೆ ಮಣ್ಣು ತುಂಬಿ ಕಟ್ಟಲಾಗಿತ್ತು ಎನ್ನುತ್ತಾನೆ ನೂನಿಜ್. ಅಂಥ ಗೋಡೆಯಲ್ಲಿ ಯಾವ ಕಲ್ಲು ತೆಗೆದರೆ ಮೇಲಿನದು ಜಾರುತ್ತದೆ, ಯಾವುದನ್ನು ಮುಟ್ಟಿದರೆ ತನ್ನ ತಲೆಯ ಮೇಲೇ ಬೀಳುತ್ತದೆ ಎಂಬುದು ಕಟ್ಟಿ ಗೊತ್ತಿದ್ದವನಿಗೆ ಮಾತ್ರ ತಿಳಿದೀತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಮಡಕೆಗೆ ಸರಿ, ಕೋಟೆಗೆ ಒಪ್ಪದು. ಆಮೇಲೆ ಕ್ರಿಸ್ಟೊವಾವೊ ಡಿ ಫಿಗೈರೆಡೊ ಎಂಬ ಪೋರ್ಚುಗೀಸನೊಬ್ಬ ಕೋವಿ ಹಿಡಿದ ತನ್ನ ಸಂಗಡಿಗರೊಡನೆ ಬಂದು, ತೆನೆಗಳ ಸಂದಿನಿಂದ ಇಣುಕಿದ ಕಾವಲುಗಾರರನ್ನು ಕೆಳಗಿನಿಂದ ಹೊಡೆಯತೊಡಗಿದ. ಮೇಲಿನ ಹೊಡೆತ ತಗ್ಗಿದ್ದೇ ತಡ, ಹಾರೆಯವರು ನಿರ್ಭಯವಾಗಿ ಕೆಲಸ ಮುಂದುವರಿಸಿದರು. ಇಣುಕಿ ನೋಡಲು ಹೋದ ಕೋಟೆಯ ಅಧಿಪತಿಯೂ ಗುಂಡಿಗೆ ಬಲಿಯಾಗಿ, ಕೋಟೆ ಶರಣಾಯಿತು. ಒಬ್ಬ ಗುಂಡು ಹಾರಿಸಿ ಶತ್ರುವಿನ ತಲೆ ಬಗ್ಗಿಸಬೇಕು, ಅಷ್ಟರಲ್ಲಿ ಇನ್ನೊಬ್ಬ ಅಡ್ಡಿಯನ್ನು ಒಡೆಯಬೇಕು: ಇಂದಿನ ಸ್ಯಾಪರ್‌ಗಳ ಪಾಠವೂ ಇದೇ.

ಹಾಗಾದರೆ ನಮ್ಮ ಸೇನೆಯ ಇಂಜಿನಿಯರ್ ಪಡೆಯ ಚರಿತ್ರೆಯನ್ನು 1780ರಿಂದ ಏಕೆ ಶುರುಮಾಡುತ್ತೇವೆ? ನನ್ನ ವಾದ ಇಷ್ಟು. ಕಂಪನಿ ಸರ್ಕಾರ ದಕ್ಷಿಣಕ್ಕೆ ಕೋಟೆ ಒಡೆಯುವುದನ್ನಾಗಲಿ ಹೊಳೆಗೆ ದಾರಿ ಕಟ್ಟುವುದನ್ನಾಗಲಿ ಹೊಸದಾಗಿ ಕಲಿಸಲಿಲ್ಲ. ಆ ಕೈಗಳು ಇಲ್ಲಿ ಮೊದಲೇ ಇದ್ದವು. ಅದು ತಂದ ನಿಜವಾದ ಹೊಸತು ಹಾಜರಿ ಪಟ್ಟಿ. ಗುದ್ದಲಿ ಹಿಡಿದವನ ಹೆಸರು ಬರೆದುಕೊಂಡು, ತಿಂಗಳ ಸಂಬಳ ಕೊಟ್ಟು, ಸಮವಸ್ತ್ರ ತೊಡಿಸಿ, ಯುದ್ಧ ಮುಗಿದ ಮೇಲೂ ಅವನನ್ನು ಮನೆಗೆ ಕಳಿಸದೆ ಇಟ್ಟುಕೊಂಡದ್ದು. ರಾಯಚೂರಿನಲ್ಲಿ ಕಲ್ಲಿಗೆ ಬೆಲೆಯಿತ್ತು, ಕೆಡವಿದವನಿಗೆ ಹೆಸರಿರಲಿಲ್ಲ.

1780ರ ಕಥೆ ಚಿಕ್ಕದು, ಆದರೆ ಅದರ ದಿನಾಂಕಗಳು ಮಾತಾಡುತ್ತವೆ. ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಲಿಯ ತುಕಡಿಯನ್ನು ಹೇಳಹೆಸರಿಲ್ಲದಂತೆ ಮಾಡಿತು. ಮದ್ರಾಸಿನ ಕಂಪನಿ ಅಧಿಕಾರಿಗಳಿಗೆ ನಿದ್ದೆ ಹಾರಿಹೋಯಿತು. ಅದೇ ತಿಂಗಳ 30ಕ್ಕೆ, ಅಂದರೆ ಸರಿಯಾಗಿ ಇಪ್ಪತ್ತು ದಿನಕ್ಕೆ, ಲೆಫ್ಟಿನೆಂಟ್ ಜೋಸೆಫ್ ಮೂರ್‌ಹೌಸ್‌ನ ಕೈಕೆಳಗೆ ಪಯೋನೀರ್‌ಗಳ ಎರಡು ಕಂಪನಿಗಳನ್ನು ಕಟ್ಟಲಾಯಿತು. ಮದ್ರಾಸ್ ಸ್ಯಾಪರ್ಸ್ ಎಂದೇ ಕರೆಸಿಕೊಳ್ಳುವ ಇವತ್ತಿನ ಮದ್ರಾಸ್ ಇಂಜಿನಿಯರ್ ಗ್ರೂಪ್ ತನ್ನ ಹುಟ್ಟುಹಬ್ಬ ಎಣಿಸುವುದು ಆ ದಿನದಿಂದ. ಇಪ್ಪತ್ತು ದಿನದಲ್ಲಿ ಯಾರಿಗೂ ಬಂಡೆ ಸೀಳುವುದನ್ನು, ಕಂದಕ ತುಂಬುವುದನ್ನು, ತೋಪು ಸಾಗುವ ದಾರಿ ಹದಮಾಡುವುದನ್ನು ಕಲಿಸಲಾಗದು. ಬಂದವರು ಕಲಿತೇ ಬಂದಿದ್ದರು. ತಮಿಳು, ತೆಲುಗು ಸೀಮೆಯ ಊರುಗಳಿಂದ, ಮೇಲುಜಾತಿಯ ಸಿಪಾಯಿಗಳು ಪಕ್ಕದಲ್ಲಿ ನಿಲ್ಲಲೂ ಹಿಂಜರಿಯುತ್ತಿದ್ದ ಕೇರಿಗಳಿಂದ ಬಂದ ಜನ ಈ ದಂಡಿನಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಅದಕ್ಕೂ ಮೊದಲಿದ್ದ ರೂಢಿಯೆಂದರೆ ದಂಡಯಾತ್ರೆಗೊಮ್ಮೆ ಕೂಲಿಗಳನ್ನು ಕಲೆಹಾಕುವುದು, ಮುಗಿದ ಮೇಲೆ ಬಿಟ್ಟುಬಿಡುವುದು.

ಸ್ಯಾಪರ್ ಎಂದರೆ
*ಶತ್ರುವಿನ ಗೋಡೆಯತ್ತ ಮರೆಯಾಗಿ ಸಾಗಲು ತೋಡುವ ಕಂದಕಕ್ಕೆ ಫ್ರೆಂಚರು ‘ಸಾಪ್’ ಎನ್ನುತ್ತಿದ್ದರು. ಅದನ್ನು ತೋಡುವವನು ಸ್ಯಾಪರ್. ಗೋಡೆಯ ತಳಕ್ಕೆ ಸುರಂಗ ಕೊರೆದು ಮದ್ದು ತುಂಬುವವನು ಮೈನರ್. 1831ರಲ್ಲಿ ಮದ್ರಾಸ್ ಪಯೋನೀರ್‌ಗಳು ‘ಸ್ಯಾಪರ್ಸ್ ಅಂಡ್ ಮೈನರ್ಸ್’ ಆದರು. ಪಡೆಯ ಯೋಧರಿಗೆ ಪ್ರೀತಿಯ ಹೆಸರು ‘ತಂಬಿ’. ಮದ್ರಾಸ್, ಬಂಗಾಳ, ಬಾಂಬೆ ಮೂರೂ ಪಡೆಗಳು ಸೇರಿದ ಇಂಜಿನಿಯರ್ಸ್ ಕೋರ್‌ನ ಧ್ಯೇಯವಾಕ್ಯ ‘ಸರ್ವತ್ರ’.*

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ದೇವಾಲಯದ ಕಂಬ ಕೆತ್ತುವ ಕಲ್ಲುಕುಟಿಗನನ್ನೂ ಕೆರೆ ಅಗೆಯುವ ಒಡ್ಡನನ್ನೂ ಯುದ್ಧದ ಇಂಜಿನಿಯರ್ ಎಂದು ಕರೆಯುವುದು ಅತಿಯಾಯಿತಲ್ಲವೇ? ಶಾಂತಿಕಾಲದ ಕಾಯಕ ಬೇರೆ, ಗುಂಡಿನ ಮಳೆಯಲ್ಲಿ ಮಾಡುವ ಕೆಲಸ ಬೇರೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಹಂಪಿಯಲ್ಲಿ ಈ ಎರಡರ ನಡುವೆ ಗೆರೆ ಎಳೆಯುವುದು ಸುಲಭವಲ್ಲ. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್ ಏಳು ಸುತ್ತಿನ ಕೋಟೆಯನ್ನು ಎಣಿಸುತ್ತಾನೆ. ಹೊರಸುತ್ತಿನ ಸುತ್ತಮುತ್ತಲ ಬಯಲಿನಲ್ಲಿ ಆಳೆತ್ತರದ ಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟಿದ್ದರು, ಕುದುರೆಯಾಗಲಿ ಕಾಲಾಳಾಗಲಿ ಸುಲಭವಾಗಿ ನುಗ್ಗುವಂತಿರಲಿಲ್ಲ ಎನ್ನುತ್ತಾನೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನವರು ಟ್ಯಾಂಕುಗಳನ್ನು ತಡೆಯಲು ಕಾಂಕ್ರೀಟ್ ಹಲ್ಲುಗಳನ್ನು ಸಾಲಾಗಿ ನೆಟ್ಟರಲ್ಲ, ಅದೇ ಲೆಕ್ಕಾಚಾರ ಇದು. ಭೀಮನ ಬಾಗಿಲಿನಲ್ಲಿ ನೇರ ಒಳಹೋಗುವ ದಾರಿಯಿಲ್ಲ. ತಿರುವು ತಿರುವಾಗಿ ನಡೆಯಬೇಕು. ಓಡಿಬಂದ ಆನೆ ಕದಕ್ಕೆ ಗುದ್ದದಂತೆ, ನುಗ್ಗಿದ ದಂಡು ಮೂಲೆಗಳಲ್ಲಿ ಸಿಕ್ಕಿಬೀಳುವಂತೆ ಮಾಡಿದ ಉಪಾಯ. ದಾಳಿಕೋರ ಹೇಗೆ ಬರುತ್ತಾನೆ ಎಂದು ಅವನಿಗಿಂತ ಮೊದಲು ಯೋಚಿಸಿದವನೇ ಇದನ್ನು ಕಟ್ಟಬಲ್ಲ. ಬಂಡೆಯ ಗುಡ್ಡಗಳನ್ನೇ ಗೋಡೆಯಾಗಿ ಬಳಸಿ, ಸಂದಿರುವಲ್ಲಿ ಮಾತ್ರ ಕಲ್ಲು ಪೇರಿಸಿದ ಈ ಜಾಣತನಕ್ಕೆ ಪಕ್ಕದ ಸಂಡೂರು ಇನ್ನೊಂದು ಉದಾಹರಣೆ. ಸುತ್ತಲ ಗುಡ್ಡಸಾಲೇ ಅಲ್ಲಿ ಕೋಟೆ. ಓಬಳಗಂಡಿ, ಭೀಮಗಂಡಿಯ ಸೀಳುಗಳೇ ಬಾಗಿಲು.

ಅಷ್ಟೆಲ್ಲ ಇದ್ದೂ 1565ರಲ್ಲಿ ದಖ್ಖನಿನ ಸುಲ್ತಾನರು ದಂಡೆತ್ತಿ ಬಂದಾಗ ಏನು ಉಪಯೋಗವಾಯಿತು ಎಂದು ಕೇಳಬಹುದು. ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಹಂಪಿಯ ಗೋಡೆಗಳನ್ನು ಯಾರೂ ಒಡೆದು ಗೆಲ್ಲಲಿಲ್ಲ. ಅವು ಸೋಲಲು ಅವಕಾಶವೇ ಸಿಗಲಿಲ್ಲ. ಸೋಲು ಆದದ್ದು ಕೃಷ್ಣಾ ನದಿಯ ದಡದಲ್ಲಿ, ಅದೂ ದಾಟುವ ಜಾಗದ ವಿಚಾರದಲ್ಲಿ. ಸುಲ್ತಾನರು ಬೇರೆಲ್ಲೋ ದಾಟುವಂತೆ ನಟಿಸಿ, ವಿಜಯನಗರದವರು ಕಾವಲು ಬಿಟ್ಟು ಅತ್ತ ಸರಿದಾಗ ಹಿಂದಿರುಗಿ ಮೊದಲಿನ ಹಾಯಗಡದಲ್ಲೇ ದಾಟಿಬಿಟ್ಟರು ಎಂದು ಚರಿತ್ರೆಕಾರ ಫಿರಿಸ್ತಾ ಬರೆಯುತ್ತಾನೆ. ರಣರಂಗದಲ್ಲಿ ವಿಜಯನಗರದ ದಂಡು ನಡೆಸುತ್ತಿದ್ದ ರಾಮರಾಯ ಬಿದ್ದ ಮೇಲೆ ರಾಜಧಾನಿಯನ್ನು ಕಾಯಲು ಯಾರೂ ನಿಲ್ಲಲಿಲ್ಲ. ನದಿ ದಾಟುವ ಕಲೆಯೂ ದಾಟದಂತೆ ತಡೆಯುವ ಕಲೆಯೂ ಇಂಜಿನಿಯರ್ ಪಡೆಯ ಅರ್ಧ ಕೆಲಸವೆಂದು ಇವತ್ತಿನ ಸೇನೆ ಭಾವಿಸುವುದು ಸುಮ್ಮನೆ ಅಲ್ಲ.

ತುಂಗಭದ್ರೆಯ ದಡದಲ್ಲಂತೂ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ. ವಿಠ್ಠಲ ದೇವಾಲಯದ ಹಿಂದೆ ಹೊಳೆಗಿಳಿದರೆ, ನೀರಿನಲ್ಲಿ ಸಾಲುಗಟ್ಟಿ ನಿಂತ ಕಲ್ಲುಕಂಬಗಳು ಕಾಣುತ್ತವೆ. ಆನೆಗೊಂದಿ ಕಡೆಗೆ ಹೋಗುತ್ತಿದ್ದ ಹಳೆಯ ಸೇತುವೆಯ ಉಳಿಕೆ ಅದು. ಮೇಲಿನ ಹಾಸು ಎಂದೋ ಹೋಗಿದೆ. ಕಂಬಗಳು ಶತಮಾನಗಳ ಮಹಾಪೂರಕ್ಕೆ ಮೈಯೊಡ್ಡಿ ನಿಂತಿವೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಜನ ಹೊಳೆ ದಾಟುವುದನ್ನು ಬರೆಯುವಾಗ ಬುಟ್ಟಿಯಂಥ ದುಂಡು ದೋಣಿಗಳ ವರ್ಣನೆ ಕೊಡುತ್ತಾನೆ. ಬೆತ್ತದಲ್ಲಿ ಹೆಣೆದು ಹೊರಗೆ ಚರ್ಮ ಹೊದಿಸಿದ ಅವುಗಳಲ್ಲಿ ಹದಿನೈದಿಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು ಎನ್ನುತ್ತಾನೆ. ನಮ್ಮ ಹರಗೋಲು! ಬಿಚ್ಚಿ ಹೊತ್ತೊಯ್ದು ಎಲ್ಲೆಂದರಲ್ಲಿ ಹೊಳೆಗಿಳಿಸಬಹುದಾದ ಸಾಧನವೆಂದರೆ ಸೈನ್ಯಕ್ಕೆ ವರ. ಅದೇ ಹೊಳೆಗೆ ಅಡ್ಡಲಾಗಿ ಸಿಮೆಂಟಿನ ಸೇತುವೆ ಕಟ್ಟಹೊರಟದ್ದರಿಂದ 1999ರಲ್ಲಿ ಹಂಪಿ ಯುನೆಸ್ಕೊದ ಅಪಾಯದಲ್ಲಿರುವ ತಾಣಗಳ ಪಟ್ಟಿ ಸೇರಿತು, 2006ರಲ್ಲಿ ಹೊರಬಂತು. ಆ ಸೇತುವೆ ಇನ್ನೂ ಕಟ್ಟುತ್ತಿರುವಾಗಲೇ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರ ಪ್ರಾಣ ತೆಗೆಯಿತು. ಕೆಳಗೆ ಕಂಪ್ಲಿಯಲ್ಲಿ, ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಸೇತುವೆ ಮುಳುಗಿ ಗಂಗಾವತಿಯ ದಾರಿ ಬಂದ್ ಆಗುವುದು ಈಗಲೂ ಮಳೆಗಾಲದ ಮಾಮೂಲಿ ಸುದ್ದಿ. ಹಳಬರು ಎಲ್ಲವನ್ನೂ ಗೆದ್ದಿದ್ದರು ಎಂದು ಇದರ ಅರ್ಥವಲ್ಲ. ಅವರ ಸೇತುವೆಯ ಹಾಸೂ ಕೊಚ್ಚಿಹೋಗಿದೆ. ಆದರೆ ಈ ಹೊಳೆಯೊಡನೆ ಅವರಿಗಿದ್ದ ಒಡನಾಟ ಉಡಾಫೆಯದಾಗಿರಲಿಲ್ಲ.

ಕೆಲಸದ ಗಾತ್ರವನ್ನು ಅಳೆಯಬೇಕಾದರೆ ಹೊಸಪೇಟೆಗೆ ಬರಬೇಕು. ನಾಗಲಾಪುರವೆಂಬ ಹೊಸ ಪಟ್ಟಣಕ್ಕೆ, ಅಂದರೆ ಇಂದಿನ ಹೊಸಪೇಟೆಗೆ, ನೀರೊದಗಿಸಲು ಕೃಷ್ಣದೇವರಾಯ ಸಂಡೂರು ಗುಡ್ಡಗಳ ಬಾಯಿಗೆ ಏರಿ ಕಟ್ಟಿಸಿ ಕೆರೆ ಮಾಡಹೊರಟ. ಅದೇ ರಾಯರ ಕೆರೆ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿ ಕೆಲಸ ಮಾಡುತ್ತಿದ್ದರು, ಕಾಲ ಕೆಳಗಿನ ನೆಲವೇ ಕಾಣುತ್ತಿರಲಿಲ್ಲ ಎಂದು ಪಯಸ್ ಕಣ್ಣಾರೆ ಕಂಡು ಬರೆದ. ಏರಿ ಎರಡು ಮೂರು ಸಲ ಒಡೆಯಿತು. ಪ್ರಾಣಿಗಳ ಜತೆಗೆ ಅರವತ್ತು ಮನುಷ್ಯರನ್ನೂ ಬಲಿಕೊಟ್ಟರೆಂಬ ಭೀಕರ ಮಾತೂ ಅವನ ಬರಹದಲ್ಲಿದೆ. ಗೋವೆಯಿಂದ ಕರೆಸಿದ ಜೊವಾವೊ ಡೆಲ್ಲಾ ಪೊಂಟೆ ಎಂಬ ಕಲ್ಲುಕೆಲಸದ ಮೇಸ್ತ್ರಿ ಸುಣ್ಣ ಬೇಕು ಎಂದಾಗ ರಾಯ ನಕ್ಕುಬಿಟ್ಟನಂತೆ. ಈ ನಾಡಿನವರಿಗೆ ಸುಣ್ಣದ ಬಳಕೆಯೇ ತಿಳಿಯದು ಎಂದು ನೂನಿಜ್ ಟಿಪ್ಪಣಿ ಹಾಕುತ್ತಾನೆ. ಕಮಲ ಮಹಲಿನ ಗಾರೆ ಕೆಲಸ ನೋಡಿದವರು ನೂನಿಜ್‌ನನ್ನು ನೋಡಿ ನಗಬೇಕಾದೀತು. ಆದರೂ ನಗುವಿನ ಹಿಂದೆ ಒಂದು ತಾಂತ್ರಿಕ ನಂಬಿಕೆಯಿತ್ತು: ಭಾರ ತಾನೇ ಭಾರವನ್ನು ಹಿಡಿದಿಡುತ್ತದೆ, ಕಲ್ಲು ಸರಿಯಾಗಿ ಕೂತರೆ ಅಂಟು ಬೇಡ. ಆ ನಂಬಿಕೆ ಕೋಟೆಗಳಲ್ಲಿ ಗೆದ್ದಿತು, ರಾಯರ ಕೆರೆಯಲ್ಲಿ ತಿಣುಕಾಡಿತು. ಸೋಲಿನ ದಾಖಲೆಯನ್ನು ಬಿಟ್ಟು ಗೆಲುವನ್ನು ಮಾತ್ರ ಎಣಿಸುವ ಚರಿತ್ರೆ ಹೊಗಳುಭಟರಿಗೆ ಲಾಯಕ್ಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ವಿಜಯನಗರದ ಹಾರೆಯವರಿಗೂ ಮದ್ರಾಸಿನ ಪಯೋನೀರ್‌ಗಳಿಗೂ ನಡುವೆ ಎರಡೂವರೆ ಶತಮಾನದ ಕಂದರವಿದೆ. ಇವರಿಂದ ಅವರು ಬಂದರು ಎನ್ನಲು ಯಾವ ದಾಖಲೆ? ವಂಶಾವಳಿಯ ಮಾತು ನನ್ನದಲ್ಲ. ಕಸುಬು ದಂಡಿನಿಂದ ದಂಡಿಗೆ ಹೋಗಬೇಕಿಲ್ಲ. ಅದು ಊರಿನಲ್ಲಿ, ಕೆರೆ ಏರಿಯಲ್ಲಿ, ಕಲ್ಲುಗಣಿಯಲ್ಲಿ ಉಳಿದುಕೊಳ್ಳುತ್ತದೆ. ಅರಸರು ಬದಲಾದರೂ ಕೆರೆ ಒಡೆಯುವುದು ನಿಲ್ಲಲಿಲ್ಲ, ಆದ್ದರಿಂದ ಒಡ್ಡರ ಕೆಲಸವೂ ನಿಲ್ಲಲಿಲ್ಲ. ಇದಕ್ಕೆ ರಾಯಚೂರಿನಲ್ಲೇ ಹಳೆಯ ಸಾಕ್ಷಿಯಿದೆ. ಕೃಷ್ಣದೇವರಾಯ ಮುತ್ತಿಗೆ ಹಾಕುವುದಕ್ಕೂ ಎರಡು ಶತಮಾನ ಮೊದಲು, 1294ರಲ್ಲಿ, ಕಾಕತೀಯರ ಕಾಲದ ಗೋರೆ ಗಂಗಯ್ಯ ರೆಡ್ಡಿ ಆ ಕೋಟೆ ಕಟ್ಟಿಸಿದ. ಆ ಸಂಗತಿಯನ್ನು ಹೇಳುವ ಶಾಸನ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲಿದೆ. ಪಕ್ಕದಲ್ಲೇ ಗೀಚಿದಂಥ ಒಂದು ಚಿತ್ರ: ಬಂಡಿಯ ಮೇಲೆ ಅದೇ ಕಲ್ಲು, ಮುಂದೆ ಸಾಲುಸಾಲು ಕೋಣಗಳು, ಗಾಲಿಗೆ ಸನ್ನೆಕೋಲು ಕೊಡುತ್ತಿರುವ ಆಳುಗಳು. ಕಟ್ಟಿಸಿದವನ ಹೆಸರು ಅಕ್ಷರದಲ್ಲಿ, ಎಳೆದವರ ದುಡಿಮೆ ಚಿತ್ರದಲ್ಲಿ. ಅಷ್ಟಾದರೂ ಬಿಡಿಸಿಟ್ಟ ಆ ಅನಾಮಿಕ ಕಲ್ಲುಕುಟಿಗನಿಗೆ ನಾವು ಋಣಿ.

ನೇಣಿಗೇರಿದ ಇಂಜಿನಿಯರ್
*ಬಳ್ಳಾರಿ ಕೋಟೆಯನ್ನು ಹೈದರಾಲಿ ಫ್ರೆಂಚ್ ಇಂಜಿನಿಯರ್ ಒಬ್ಬನಿಂದ ಬಲಪಡಿಸಿದ. ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ; ಅಲ್ಲಿ ತೋಪು ಏರಿಸಿದರೆ ಕೋಟೆಯ ಕಥೆ ಮುಗಿಯಿತು. ಸಿಟ್ಟಿಗೆದ್ದ ಹೈದರ್ ಅವನನ್ನು ಕೋಟೆಯ ಬಾಗಿಲಲ್ಲೇ ನೇಣಿಗೆ ಹಾಕಿಸಿದನೆಂದು ಐತಿಹ್ಯ. ನಿಜವೋ ಸುಳ್ಳೋ, ಜಾಗ ಆರಿಸುವುದೇ ಕೋಟೆ ಕಟ್ಟುವ ಮೊದಲ ಪಾಠವೆಂಬುದು ಬಳ್ಳಾರಿಯ ಜನಕ್ಕೆ ಗೊತ್ತಿತ್ತು.*

ಮೂರನೆಯದು ಆಕ್ಷೇಪಕ್ಕಿಂತ ನೋವು ಎನ್ನಬೇಕು. ಈ ಪಡೆ ಕಣ್ಣು ಬಿಟ್ಟದ್ದೇ ಮೈಸೂರಿನ ವಿರುದ್ಧ. 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯ ಬಾಗಿಲು ಮುರಿಯುವ ಕಾದಾಟದಲ್ಲಿ ಮೂರ್‌ಹೌಸ್ ಸತ್ತ. ಅದೇ ತಿಂಗಳ 21ರಂದು ಕೋಟೆ ಬಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಒಡಕು ಗೋಡೆಗೆ ದಾರಿ ಮಾಡಿದವರಲ್ಲೂ ಪಯೋನೀರ್‌ಗಳಿದ್ದರು. ಕನ್ನಡ ನಾಡಿನ ಕೋಟೆಗಳನ್ನು ಒಡೆದು ಹೆಸರು ಮಾಡಿದ ದಂಡನ್ನು ಕನ್ನಡಿಗರು ಕೊಂಡಾಡಬೇಕೇ? ಕೊಂಡಾಡುವ ಅಗತ್ಯವಿಲ್ಲ, ಮರೆಮಾಚುವುದೂ ಬೇಡ. ಅಂದಿನ ಆಳುಗಳಿಗೆ ನಾಡು ಎಂಬ ಕಲ್ಪನೆ ಇವತ್ತಿನಂತೆ ಇರಲಿಲ್ಲ; ಹೊಟ್ಟೆಗೆ ಕೊಟ್ಟವನು ದಣಿ. ಮೈಸೂರಿನ ಸೇನೆಯ ಹಿಂದೆಯೂ ದಾರಿ ಕಡಿಯುವ, ತೋಪು ಎಳೆಯುವ ಕಾಮಾಟಿ ಜನ ಸಾಗುತ್ತಿದ್ದರು. ಗೋಡೆಯ ಈಚೆಗೂ ಆಚೆಗೂ ಗುದ್ದಲಿ ಒಂದೇ ಆಗಿತ್ತು. ವ್ಯತ್ಯಾಸ ಬಿದ್ದದ್ದು ಯುದ್ಧ ಮುಗಿದ ಮಾರನೆಯ ದಿನ: ಒಂದು ಕಡೆಯವನು ಕೂಲಿ ಹುಡುಕಿಕೊಂಡು ಊರಿಗೆ ನಡೆದ, ಇನ್ನೊಂದು ಕಡೆಯವನ ಹೆಸರು ಪಟ್ಟಿಯಲ್ಲಿ ಉಳಿಯಿತು. ಇದರಲ್ಲಿ ಕಂಪನಿಯ ಔದಾರ್ಯವೇನೂ ಇರಲಿಲ್ಲ. ಪಳಗಿದ ಕೈಯನ್ನು ಬಿಟ್ಟು ಮತ್ತೆ ಹುಡುಕುವುದಕ್ಕಿಂತ ಇಟ್ಟುಕೊಳ್ಳುವುದು ಅಗ್ಗವೆಂಬ ಶುದ್ಧ ವ್ಯಾಪಾರಿ ಬುದ್ಧಿ ಅದು. ಆದರೆ ಅಗ್ಗದ ಲೆಕ್ಕದಿಂದಲೇ ಕೆಲವೊಮ್ಮೆ ದೊಡ್ಡ ಬದಲಾವಣೆ ಬರುತ್ತದೆ.

ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಜಿನಿಯರ್ ಆಗಿದ್ದ ಕಾಲಿನ್ ಮೆಕೆಂಜಿ ಅದರ ಹಿಂದೆಯೇ ಹಂಪಿಗೆ ಬಂದದ್ದು ಈ ಕಥೆಯ ತಿರುವು. 1786ರಲ್ಲಿ ಮದ್ರಾಸ್ ಇಂಜಿನಿಯರ್ಸ್ ಸೇರಿದ ಸ್ಕಾಟ್ಲೆಂಡಿನವನು ಅವನು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನೂ ಅವನೇ. ಹಾಳು ಹಂಪಿಯನ್ನು 1799-1800ರ ಹೊತ್ತಿಗೆ ಅಳೆದು ಬಣ್ಣದ ನಕ್ಷೆ ಮಾಡಿಸಿದ. ದಂಡಿನ ಇಂಜಿನಿಯರ್‌ನ ಕಣ್ಣಿಗೆ ಗೋಡೆ, ಬಾಗಿಲು, ಗುಡ್ಡ, ಹೊಳೆ, ದಾರಿ ಮೊದಲು ಕಾಣುತ್ತವೆ. ಗೆದ್ದ ನೆಲವನ್ನು ಅಳೆದುಕೊಳ್ಳುವ ಆಡಳಿತದ ಅಗತ್ಯದಿಂದ ಹುಟ್ಟಿದ ಕೆಲಸ, ಹಂಪಿಯ ಪುರಾತತ್ವಕ್ಕೆ ಮೊದಲ ಅಧ್ಯಾಯವಾಯಿತು. ಇಲ್ಲೂ ಪಟ್ಟಿಯ ಪ್ರಶ್ನೆಯೇ. ಮೆಕೆಂಜಿಯ ಜತೆಗಿದ್ದ ಕಾವಲಿ ವೆಂಕಟ ಬೋರಯ್ಯ ಮತ್ತು ಲಕ್ಷ್ಮಯ್ಯ ಸೋದರರ ಹೆಸರು ನಮಗೆ ಗೊತ್ತು, ಏಕೆಂದರೆ ಅವನು ಬರೆದಿಟ್ಟ. ಊರೂರಿನ ಕರಣಿಕರು ಬರೆದುಕೊಟ್ಟ ಕೈಫಿಯತ್ತುಗಳು ಉಳಿದವು. ಅವುಗಳಲ್ಲಿ ಕನ್ನಡದವನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ ಪ್ರಕಟಿಸಿತು. ಅಳತೆಯ ಸರಪಳಿ ಹಿಡಿದು ಮುಳ್ಳುಕಂಟಿಯಲ್ಲಿ ನಡೆದವರ ಹೆಸರು ಮಾತ್ರ ಎಲ್ಲೂ ಕಾಣದು.

ಅದೇ ಮದ್ರಾಸ್ ಇಂಜಿನಿಯರ್ಸ್‌ನ ಇನ್ನೊಬ್ಬ ಅಧಿಕಾರಿ ಆರ್ಥರ್ ಕಾಟನ್. ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿ ಹೆಸರಾದವನು. 1860ರಲ್ಲಿ ತುಂಗಭದ್ರೆಗೂ ಅಣೆಕಟ್ಟೆ ಬೇಕೆಂಬ ಯೋಚನೆಯನ್ನು ಮೊದಲು ಮುಂದಿಟ್ಟವನು ಅವನೇ. 1876-78ರ ಬರದಲ್ಲಿ ಬಳ್ಳಾರಿ ಸೀಮೆ ಹೆಣದ ಕಣಜವಾದರೂ ಯೋಚನೆ ಕಾಗದ ಬಿಟ್ಟು ಏಳಲಿಲ್ಲ. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಗಿ, 1953ರಲ್ಲಿ ನೀರು ಹರಿಯಿತು. ಹೊಸಪೇಟೆಯ ಈ ಅಣೆಕಟ್ಟೆ ಬಹುಪಾಲು ಸಿಮೆಂಟಿನದಲ್ಲ. ಕಲ್ಲಿನ ಕಟ್ಟಡಕ್ಕೆ ಸುಣ್ಣ, ಸುರ್ಕಿಯ ಗಾರೆ. ರಾಯ ಸುಣ್ಣದ ಮಾತು ಕೇಳಿ ನಕ್ಕ ಊರಿನಲ್ಲೇ ನಾಲ್ಕು ಶತಮಾನದ ಬಳಿಕ ಸುಣ್ಣ ಗೆದ್ದಿತು ಎನ್ನಬಹುದು. ಜೊವಾವೊ ಡೆಲ್ಲಾ ಪೊಂಟೆಯ ಆತ್ಮಕ್ಕೆ ಶಾಂತಿ.

ಬೆಂಗಳೂರಿನ ಹೆಸರು ಹೊತ್ತ ಕೊಳವೆ
*1912ರಲ್ಲಿ ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ರೂಪಿಸಿದ ಸಾಧನ ‘ಬೆಂಗಳೂರು ಟಾರ್ಪೆಡೊ’. ಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುತ್ತ ಮುಳ್ಳುತಂತಿಯ ಕೆಳಗೆ ತಳ್ಳಿ ಸಿಡಿಸಿದರೆ ನುಗ್ಗಲು ದಾರಿ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ತಂತಿಬೇಲಿ ಹರಿದದ್ದು ಇದೇ ಕೊಳವೆಯಿಂದ.*

ಪಟ್ಟಿಯಲ್ಲಿ ಹೆಸರು ಬರೆದದ್ದರಿಂದ ಏನು ದಕ್ಕಿತು ಎಂಬುದಕ್ಕೆ ಎರಡು ಪ್ರಸಂಗ ಸಾಕು. 1944ರ ಫೆಬ್ರವರಿ 24, ಇಟಲಿಯ ಮಿನ್ಯಾನೊ ಬಳಿ ನೆಲಬಾಂಬು ತೆಗೆಯುತ್ತಿದ್ದ ಈ ಪಡೆಯ ತಂಡದಲ್ಲಿ ಒಬ್ಬನ ಕಾಲಿಗೆ ಬಾಂಬು ಸಿಕ್ಕಿತು. ಸಿಡಿಯುವುದಕ್ಕಿದ್ದ ಕೆಲವೇ ಕ್ಷಣಗಳಲ್ಲಿ ಸುಬೇದಾರ್ ಸುಬ್ರಮಣಿಯಮ್ ಅದರ ಮೇಲೆ ಬಿದ್ದು ಪ್ರಾಣ ಕೊಟ್ಟರು, ಸಂಗಡಿಗರು ಉಳಿದರು. ಅವರಿಗೆ ಮರಣೋತ್ತರವಾಗಿ ಸಂದದ್ದು ಜಾರ್ಜ್ ಕ್ರಾಸ್. ಎರಡನೆಯದು 1948ರ ಶರತ್ಕಾಲ, ಕಾಶ್ಮೀರದ ಜೋಜಿ ಲಾ ಕಣಿವೆ. ಹೇಸರಗತ್ತೆ ನಡೆಯುವ ದಾರಿಯಲ್ಲಿ ಟ್ಯಾಂಕು ಹತ್ತಿಸಬೇಕೆಂಬ ಎದೆಗಾರಿಕೆ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಅವರದು. ಬಾಲ್ತಾಲ್‌ನಿಂದ ಮೇಲಕ್ಕೆ ಆ ಸೀಳುದಾರಿಯನ್ನು ಅಗಲ ಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್ಸ್‌ನ ತಂಬಿಗಳು. ಹಿಮವನ್ನು ಕಂಡರಿಯದ ದಕ್ಷಿಣದ ಸೀಮೆಗಳ ಮಕ್ಕಳು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆ ದಾಟಿದಾಗ ಎದುರಾಳಿಗಳಿಗೆ ನಂಬಲಾಗಲಿಲ್ಲ, ಲಡಾಖಿನ ದಾರಿ ತೆರೆಯಿತು. ತಿಮ್ಮಯ್ಯನವರ ಹೆಸರು ಬೀದಿಗಳಿಗಿದೆ, ಇರಬೇಕಾದದ್ದೇ. ದಾರಿ ಕಡಿದವರ ಹೆಸರೂ ಪಡೆಯ ಪುಸ್ತಕದಲ್ಲಾದರೂ ಇದೆ. ರಾಯಚೂರಿನ ಹಾರೆಯವನಿಗೆ ಅದೂ ಇಲ್ಲ.

ಇದರ ಮೇಲೂ ಒಬ್ಬರು ಹೇಳಬಹುದು: ಹೆಸರು ಬರೆದಿಟ್ಟರೆ ಹೊಟ್ಟೆ ತುಂಬುತ್ತದೆಯೇ, ಪಟ್ಟಿಯೆಂಬುದು ಆಳುವವರ ಹಿಡಿತದ ಹಗ್ಗವೂ ಹೌದಲ್ಲವೇ? ಹೌದು. ಅದೇ ಪಟ್ಟಿಯ ಬಲದಿಂದ ಈ ಜನರನ್ನು 1811ರಲ್ಲಿ ಜಾವಾಕ್ಕೆ, ಮುಂದೆ ಬರ್ಮಾ, ಚೀನಾ, ಈಜಿಪ್ಟ್‌ಗಳಿಗೆ ತಮ್ಮದಲ್ಲದ ಯುದ್ಧಗಳಿಗೆ ಹಡಗು ಹತ್ತಿಸಲಾಯಿತು. ಆದರೂ ಪಟ್ಟಿಯಲ್ಲಿದ್ದವನು ಸತ್ತರೆ ಎಲ್ಲಿ, ಯಾವಾಗ ಎಂದು ಬರೆಯಬೇಕಿತ್ತು. ಬದುಕಿದರೆ ಪಿಂಚಣಿ ಕೇಳಬಹುದಿತ್ತು. ಮಗ ಅಪ್ಪನ ಪಡೆಯ ಹೆಸರು ಹೇಳಿ ಸಾಲಿನಲ್ಲಿ ನಿಲ್ಲಬಹುದಿತ್ತು. ಊರಿನಲ್ಲಿ ಬಾವಿ ಮುಟ್ಟಗೊಡದ ಜಾತಿಯವನೊಬ್ಬ ಸುಬೇದಾರ್ ಎನಿಸಿಕೊಂಡು ಹಿಂದಿರುಗುವುದು ಸಣ್ಣ ಮಾತಲ್ಲ. ಕೌಶಲವನ್ನು ಗೌರವಿಸಿದರೂ ಕುಶಲಿಯನ್ನು ಲೆಕ್ಕಕ್ಕೆ ಹಿಡಿಯದ ನಮ್ಮ ಹಳೆಯ ಅರಸೊತ್ತಿಗೆಗಳ ಚಾಳಿಗೆ ಹೋಲಿಸಿದರೆ, ವ್ಯಾಪಾರಿ ಕಂಪನಿಯ ಆ ಒಣ ಪುಸ್ತಕ ಹೆಚ್ಚು ಮಾನವೀಯವಾಗಿ ಕಾಣುತ್ತದೆ. ಒಪ್ಪಿಕೊಳ್ಳಲು ಕಹಿಯಾದ ಮಾತು.

ಹಂಪಿಗೆ ಹೋದವರು ವಿಠ್ಠಲ ದೇವಾಲಯದ ಸಂಗೀತದ ಕಂಬಗಳ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಹತ್ತು ನಿಮಿಷ ಹೊಳೆಯ ಕಡೆಗೆ ನಡೆಯಿರಿ. ದಾರಿಯ ಬಂಡೆಗಳ ಮೇಲೆ ನೇರ ಗೆರೆಯಲ್ಲಿ ಕೊರೆದ ಚೌಕ ಗುಳಿಗಳ ಸಾಲು ಕಾಣುತ್ತದೆ. ಬೆಣೆ ಹೊಡೆದು ಕಲ್ಲು ಸೀಳಲು ಮಾಡಿಕೊಂಡ ಗುಳಿಗಳವು. ಕೆಲವು ಬಂಡೆಗಳು ಆ ಗೆರೆಗುಂಟ ಸೀಳಿವೆ. ಕೆಲವದರಲ್ಲಿ ಗುಳಿಗಳನ್ನು ಪೂರ್ತಿ ಕೊರೆದಿದ್ದಾರೆ, ಬೆಣೆ ಹೊಡೆದಿಲ್ಲ.